ಯುಕನ್ಸೋಲ್ ತಾನಾಗಿಯೇ ಆಫ್ ಆಗುತ್ತಿದೆಯಾ? ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಕ್ಲಾಕ್‌ವರ್ಕ್‌ಪೈ ಕಂಪನಿಯ ಯುಕನ್ಸೋಲ್ ಎಂಬ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ಆಫ್ ಆದರೆ ಹೆಚ್ಚಿನವರು ಮೊದಲು ಓಎಸ್ ಅಳಿಸಿ ಮತ್ತೆ ಹಾಕುತ್ತಾರೆ. ಸರಿಹೋಗಲಿಲ್ಲ ಅಂದರೆ ಹೊಸ ಸೆಲ್ ತರಿಸುತ್ತಾರೆ. ಅದಕ್ಕೂ ಬಗ್ಗಲಿಲ್ಲ ಅಂದರೆ ಮದರ್‌ಬೋರ್ಡ್ ಹೋಗಿದೆ ಎಂದು ಕೈಚೆಲ್ಲುತ್ತಾರೆ. ದುಡ್ಡೂ ಹೋಯಿತು, ತೊಂದರೆಯೂ ಉಳಿಯಿತು.

ಏನನ್ನಾದರೂ ಬದಲಿಸುವ ಮೊದಲು ಒಂದು ವಿಷಯ ಗೊತ್ತಾಗಲೇಬೇಕು. ಸಿಸ್ಟಮ್ ತಾನೇ ಶಟ್‌ಡೌನ್ ಮಾಡಿಕೊಂಡಿತಾ, ಅಥವಾ ಓಡುತ್ತಿರುವಾಗಲೇ ಕರೆಂಟ್ ಕಡಿದುಹೋಯಿತಾ? ಎರಡರಲ್ಲೂ ಪರದೆ ಕಪ್ಪಾಗುತ್ತದೆ, ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣಿಸುವುದಿಲ್ಲ. ಆದರೆ ಮೊದಲನೆಯದಕ್ಕೆ ಕಾರಣ ಸಾಫ್ಟ್‌ವೇರಿನಲ್ಲಿರುತ್ತದೆ, ಎರಡನೆಯದಕ್ಕೆ ಸೆಲ್, ಸ್ಪ್ರಿಂಗ್, ಕೇಬಲ್, ಬೋರ್ಡ್‌ಗಳಲ್ಲಿ. ಹಂತಗಳ ಕ್ರಮ ತಪ್ಪಿಸಬೇಡಿ ಎಂದು ಕೇಳಿಕೊಳ್ಳುವುದು ಅದಕ್ಕೇ.

ಇದನ್ನು ರಾಸ್ಪ್‌ಬೆರಿ ಪೈ ಸಿಎಂ4 ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್ ಇರುವ ಯುಕನ್ಸೋಲ್‌ಗೆಂದು ಬರೆದಿದ್ದೇನೆ. ಅದೇ ಕಂಪನಿಯ ಡೆವ್‌ಟರ್ಮ್‌ಗೂ ಬಹುಪಾಲು ಹೊಂದುತ್ತದೆ. ಎರಡರಲ್ಲೂ ಎರಡು 18650 ಸೆಲ್ (ಉರುಟಾದ ಲಿಥಿಯಂ ಬ್ಯಾಟರಿ) ಮತ್ತು ಎಎಕ್ಸ್‌ಪಿ228 ಎಂಬ ಪವರ್ ಚಿಪ್ ಇವೆ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

## ಏನೇನು ಬೇಕು

ಮಲ್ಟಿಮೀಟರ್ ಬೇಕೇ ಬೇಕು. ಸಾಧಾರಣ ಬೆಲೆಯದಾದರೂ ಸಾಕು, ಆದರೆ 3.62 ಮತ್ತು 3.67 ವೋಲ್ಟ್ ನಡುವಿನ ವ್ಯತ್ಯಾಸ ತೋರಿಸಬೇಕು. ಹಿಂಬದಿ ಮುಚ್ಚಳ ಬಿಚ್ಚಲು ಅಲೆನ್ ಕೀ, 5 ವೋಲ್ಟ್ 3 ಆಂಪ್ ಕೊಡುವ ಚಾರ್ಜರ್, ಗಿಡ್ಡನೆಯ ಒಳ್ಳೆ ಟೈಪ್-ಸಿ ಕೇಬಲ್, ಸೆಲ್‌ಗಳನ್ನು ಹೊರಗೆ ಚಾರ್ಜ್ ಮಾಡುವ ಚಾರ್ಜರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ. ಎಸ್‌ಎಸ್‌ಎಚ್ ಮೂಲಕ, ಅಂದರೆ ನೆಟ್‌ವರ್ಕ್‌ನಲ್ಲಿ ದೂರದಿಂದಲೇ, ಒಳಗೆ ಹೋಗಲು ಇನ್ನೊಂದು ಕಂಪ್ಯೂಟರ್ ಅಥವಾ ಫೋನ್ ಇದ್ದರೆ ಕೆಲಸ ಸುಲಭ. ಒಂದು ಹಾಳೆ, ಪೆನ್ನು ಪಕ್ಕದಲ್ಲಿರಲಿ.

ಶುರು ಮಾಡುವ ಮೊದಲು ಎಸ್‌ಡಿ ಕಾರ್ಡಿನ ಪೂರ್ತಿ ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳಲ್ಲಿ ಮೆಷಿನ್ ಇನ್ನೂ ಕೆಲವು ಸಲ ಹಠಾತ್ ಆಫ್ ಆಗಲಿದೆ. ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್‌ಗಳು ಕೆಡಬಹುದು.

## ಹಂತ 1: ಲಾಗ್ ಉಳಿಯುವಂತೆ ಮಾಡಿ

ಲಾಗ್ ಅಂದರೆ ಸಿಸ್ಟಮ್ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ. ಹೆಚ್ಚಿನವರು ಎಡವುವುದು ಇಲ್ಲೇ. ಲಾಗ್ ನೋಡಿದೆ, ಏನೂ ಇರಲಿಲ್ಲ ಅನ್ನುತ್ತಾರೆ. ಇರದಿರುವುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ರಾಸ್ಪ್‌ಬೆರಿ ಪೈ ಓಎಸ್‌ನ ಕೆಲವು ಆವೃತ್ತಿಗಳು ಕಾರ್ಡ್ ಸವೆಯಬಾರದೆಂದು ಲಾಗನ್ನು ಮೆಮೊರಿಯಲ್ಲಷ್ಟೇ ಇಡುತ್ತವೆ. ಆಫ್ ಆದ ಕೂಡಲೇ ಅದು ಅಳಿದುಹೋಗುತ್ತದೆ. ಎರಡನೆಯದು, ಕಾರ್ಡಿಗೆ ಬರೆಯುವಂತೆ ಹೊಂದಿಸಿದ್ದರೂ ಲಾಗ್ ಬರೆಯುವ ಸಿಸ್ಟಮ್‌ಡಿ ಜರ್ನಲ್ ಸಾಮಾನ್ಯ ಸಾಲುಗಳನ್ನು 5 ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕಿಗೆ ಖಾತ್ರಿಯಾಗಿ ಇಳಿಸುತ್ತದೆ. ತೀರಾ ಗಂಭೀರ ಸಾಲುಗಳಷ್ಟೇ ತಕ್ಷಣ ಇಳಿಯುತ್ತವೆ. ಹೀಗಾಗಿ ಕರೆಂಟ್ ಕಡಿದಾಗ ನಿಮಗೆ ಬೇಕಾದ ಕೊನೆಯ ನಿಮಿಷಗಳೇ ಕಾಣೆಯಾಗಿರುತ್ತವೆ.

ಈಟಿಸಿ ಫೋಲ್ಡರಿನ ಸಿಸ್ಟಮ್‌ಡಿ ಒಳಗೆ 'ಜರ್ನಲ್‌ಡಿ.ಕಾನ್ಫ್.ಡಿ' ಎಂಬ ಫೋಲ್ಡರ್ ಮಾಡಿ, ಅದರಲ್ಲಿ '99-ಪವರ್.ಕಾನ್ಫ್' ಎಂಬ ಫೈಲ್ ಇಡಿ. ಮೊದಲ ಸಾಲು ಚೌಕ ಆವರಣದೊಳಗೆ 'ಜರ್ನಲ್', ಎರಡನೆಯದು 'ಸ್ಟೋರೇಜ್=ಪರ್ಸಿಸ್ಟೆಂಟ್', ಮೂರನೆಯದು 'ಸಿಂಕ್‌ಇಂಟರ್ವಲ್‌ಸೆಕ್=5'. ಈ ಫೈಲಿನಲ್ಲಿ ದೊಡ್ಡಕ್ಷರಗಳಿಗೂ ಬೆಲೆಯಿದೆ: ಜರ್ನಲ್, ಸ್ಟೋರೇಜ್, ಸಿಂಕ್, ಇಂಟರ್ವಲ್, ಸೆಕ್ ಈ ಐದರ ಮೊದಲಕ್ಷರ ದೊಡ್ಡದಿರಬೇಕು. ಮುಖ್ಯ ಜರ್ನಲ್‌ಡಿ.ಕಾನ್ಫ್ ಫೈಲನ್ನೇ ತಿದ್ದಿದರೆ ಓಎಸ್ ತನ್ನ ಕಡೆಯಿಂದ ಸೇರಿಸಿರುವ ಚಿಕ್ಕ ಫೈಲ್ ಅದನ್ನು ಮೀರಿಸಬಹುದು. 99 ಎಂದು ಹೆಸರಿಡುವುದು ನಮ್ಮ ಮಾತು ಕೊನೆಯದಾಗಲಿ ಅಂತ.

ಎರಡು ಸಲ ರೀಬೂಟ್ ಮಾಡಿ, 'ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್' ಕೊಡಿ. ಒಂದಕ್ಕಿಂತ ಹೆಚ್ಚು ಬೂಟ್ ಕಾಣಿಸಿದರೆ ಲಾಗ್ ಉಳಿಯುತ್ತಿದೆ. ಅದರಲ್ಲಿನ ಸಮಯವನ್ನು ಪೂರ್ತಿ ನಂಬಬೇಡಿ. ಸಿಎಂ4ಗೆ ಸ್ವಂತ ಗಡಿಯಾರ ಇಲ್ಲ, ಇಂಟರ್‌ನೆಟ್ ಸಿಗುವ ತನಕ ಹಳೇ ಸಮಯವನ್ನೇ ತೋರಿಸಬಹುದು.

## ಹಂತ 2: ಕೊನೆಯ ಸಾಲುಗಳನ್ನು ಓದಿ

ಮುಂದಿನ ಸಲ ಆಫ್ ಆದಾಗ ಮತ್ತೆ ಆನ್ ಮಾಡಿ, 'ಜರ್ನಲ್‌ಸಿಟಿಎಲ್ -ಬಿ -1 -ಇ' ಕೊಡಿ. ಹಿಂದಿನ ಬೂಟಿನ ಕೊನೆಯ ಸಾಲುಗಳು ಎದುರಿಗೆ ಬರುತ್ತವೆ.

ಅಲ್ಲಿ ಸರ್ವಿಸ್‌ಗಳು ಒಂದೊಂದಾಗಿ ನಿಂತದ್ದು, ಡಿಸ್ಕ್ ಅನ್‌ಮೌಂಟ್ ಆದದ್ದು, ಪವರ್ ಆಫ್ ಟಾರ್ಗೆಟ್ ತಲುಪಿದ್ದು ಕಂಡರೆ ಸಿಸ್ಟಮ್ ತಾನೇ ಶಟ್‌ಡೌನ್ ಮಾಡಿಕೊಂಡಿದೆ. ಹಂತ 3ಕ್ಕೆ ಹೋಗಿ.

ವೈಫೈ ಬಗ್ಗೆ ಏನೋ ಒಂದು ಸಾಲು, ಬ್ಲೂಟೂತ್ ಬಗ್ಗೆ ಇನ್ನೊಂದು, ಆಮೇಲೆ ಏನೂ ಇಲ್ಲ. ಹೀಗೆ ಮಾತಿನ ಮಧ್ಯೆಯೇ ಲಾಗ್ ನಿಂತಿದ್ದರೆ ಕರೆಂಟ್ ಕಡಿದಿದೆ. ಹಂತ 4ಕ್ಕೆ ಹೋಗಿ. ಕೊನೆಯಲ್ಲಿದ್ದ ಸಾಲೇ ಕಾರಣ ಎಂದು ಮಾತ್ರ ತಿಳಿಯಬೇಡಿ. ಕೊನೆಗೆ ಬ್ಲೂಟೂತ್ ಎಂದಿತ್ತು ಅಂತ ಬ್ಲೂಟೂತ್ ತೆಗೆದುಹಾಕಿ ದಿನಗಟ್ಟಲೆ ಕಳೆಯುವವರಿದ್ದಾರೆ. ಪಾಪ, ಅದು ಆ ಹೊತ್ತಿಗೆ ಮಾತಾಡುತ್ತಿತ್ತು ಅಷ್ಟೇ.

ಮೂರನೆಯ ಸಾಧ್ಯತೆಯೂ ಇದೆ. ಪರದೆ ಕಪ್ಪಾಗಿದೆ, ಮೆಷಿನ್ ಓಡುತ್ತಲೇ ಇದೆ. ಮುಂದಿನ ಸಲ ಪರದೆ ಹೋದ ತಕ್ಷಣ ಪವರ್ ಬಟನ್ ಮುಟ್ಟಬೇಡಿ. ಇನ್ನೊಂದು ಕಂಪ್ಯೂಟರಿನಿಂದ ಪಿಂಗ್ ಮಾಡಿ, ಅಂದರೆ ನೆಟ್‌ವರ್ಕ್‌ನಲ್ಲಿ ಕರೆದು ನೋಡಿ. ಉತ್ತರ ಬಂದರೆ ಅದು ಪವರ್ ತೊಂದರೆಯೇ ಅಲ್ಲ. ಸ್ಕ್ರೀನ್ ಬ್ಲಾಂಕ್ ಆಗುವ ಸೆಟ್ಟಿಂಗ್ ನೋಡಿ, ಆಮೇಲೆ ಪರದೆಯ ರಿಬ್ಬನ್ ಕೇಬಲ್ ಸರಿಯಾಗಿ ಕೂತಿದೆಯಾ ನೋಡಿ.

## ಹಂತ 3: ಸಿಸ್ಟಮ್ ತಾನೇ ಆಫ್ ಮಾಡಿಕೊಂಡಿದ್ದರೆ

ಶಟ್‌ಡೌನ್ ಶುರುವಾದ ಜಾಗದಿಂದ ಹತ್ತಿಪ್ಪತ್ತು ಸಾಲು ಮೇಲಕ್ಕೆ ಹೋಗಿ. ಆದೇಶ ಕೊಟ್ಟವರ ಹೆಸರು ಅಲ್ಲೇ ಇರುತ್ತದೆ.

ಸಿಸ್ಟಮ್‌ಡಿ-ಲಾಗಿನ್‌ಡಿ ಹೆಸರಿನಲ್ಲಿ ಪವರ್ ಕೀ ಒತ್ತಲಾಗಿದೆ ಎಂಬ ಸಾಲಿದ್ದರೆ ಬಟನ್ ಒತ್ತಿಹೋಗಿದೆ. ಬ್ಯಾಗಿನಲ್ಲಿ, ಹಿಡಿಯುವಾಗ, ಕೇಸ್ ಬಿಗಿಯಾಗಿದ್ದಾಗ ಹೀಗಾಗುತ್ತದೆ. ಲಾಗಿನ್‌ಡಿ.ಕಾನ್ಫ್‌ನಲ್ಲಿ 'ಹ್ಯಾಂಡಲ್‌ಪವರ್‌ಕೀ=ಇಗ್ನೋರ್' ಎಂದು ಬರೆದರೆ ಚಿಕ್ಕ ಒತ್ತಿಗೆ ಆಫ್ ಆಗುವುದಿಲ್ಲ. ಇಲ್ಲೂ ಹ್ಯಾಂಡಲ್, ಪವರ್, ಕೀ ಮೂರರ ಮೊದಲಕ್ಷರ ದೊಡ್ಡದು. ಒಂದು ಸೂಕ್ಷ್ಮ ಇದೆ. ಬಟನ್ ಕೆಲವು ಸೆಕೆಂಡ್ ಒತ್ತಿಯೇ ಇದ್ದರೆ ಪವರ್ ಚಿಪ್ ಯಾರನ್ನೂ ಕೇಳದೆ ಕರೆಂಟ್ ಕಡಿಯುತ್ತದೆ. ಅದನ್ನು ಈ ಸೆಟ್ಟಿಂಗ್ ತಡೆಯಲಾರದು. ಬ್ಯಾಗಿನಲ್ಲಿದ್ದಾಗ ಮಾತ್ರ ಕರೆಂಟ್ ಕಡಿದಂತೆ ಆಫ್ ಆಗುತ್ತಿದ್ದರೆ ಮೊದಲ ಅನುಮಾನ ಬಟನ್ ಮೇಲಿರಲಿ.

ಬ್ಯಾಟರಿ ಮೇಲೆ ಕಣ್ಣಿಡುವ ಯುಪವರ್ ಎಂಬ ಪ್ರೋಗ್ರಾಂ ಹೆಸರು ಕಂಡರೆ ಅದು ಬ್ಯಾಟರಿ ಮುಗಿಯಿತು ಎಂದು ತಿಳಿದು ಆಫ್ ಮಾಡಿದೆ. ನಿಜವಾಗಿ ಮುಗಿದಿತ್ತಾ ಅನ್ನುವುದು ಬೇರೆ ಮಾತು. ಶೇಕಡಾ ಲೆಕ್ಕ ಚಿಪ್‌ನ ಅಂದಾಜು. ಹೊಸ ಸೆಲ್ ಹಾಕಿದ ಮೇಲೂ ಹಳೇ ಅಂದಾಜಿನಲ್ಲೇ ಇರಬಹುದು. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಹಗುರ ಕೆಲಸದಲ್ಲಿ ಪೂರ್ತಿ ಇಳಿಸಿ, ನಿಲ್ಲಿಸದೆ ಮತ್ತೆ ತುಂಬಿಸಿ ನೋಡಿ.

ಥರ್ಮಲ್, ಕ್ರಿಟಿಕಲ್ ಎಂಬ ಪದಗಳಿದ್ದರೆ ಬಿಸಿ. ಇದು ಕಡಿಮೆ. ಸಿಎಂ4 80 ಡಿಗ್ರಿ ದಾಟಿದರೆ ವೇಗ ಇಳಿಸಿಕೊಳ್ಳುತ್ತದೆ, 85ರ ಹತ್ತಿರ ಇನ್ನೂ ಇಳಿಸುತ್ತದೆ. ಅಂದರೆ ಬಿಸಿಯಾದರೆ ಮೊದಲು ನಿಧಾನವಾಗುತ್ತದೆ, ಪಟ್ಟನೆ ಸಾಯುವುದಿಲ್ಲ. 'ವಿಸಿಜೆನ್‌ಸಿಎಂಡಿ ಮೆಶರ್_ಟೆಂಪ್' ಕೊಟ್ಟು ನೋಡಿ. ಜಾಸ್ತಿ ಇದ್ದರೆ ಸಿಎಂ4 ಮತ್ತು ಲೋಹದ ಮುಚ್ಚಳದ ನಡುವಿನ ಥರ್ಮಲ್ ಪ್ಯಾಡ್ ಜಾಗದಲ್ಲಿದೆಯಾ ಪರೀಕ್ಷಿಸಿ.

## ಹಂತ 4: ವೋಲ್ಟೇಜ್ ಬರೆದಿಡಿ

ಇಲ್ಲಿಂದ ಮುಂದಿನದು ಕರೆಂಟ್ ಕಡಿದವರಿಗೆ. ಶೇಕಡಾ ಚಿಹ್ನೆ ಮರೆತುಬಿಡಿ, ವೋಲ್ಟೇಜ್ ನೋಡಿ.

'ಸಿಸ್ ಕ್ಲಾಸ್ ಪವರ್_ಸಪ್ಲೈ' ಫೋಲ್ಡರಿನಲ್ಲಿ 'ಎಎಕ್ಸ್‌ಪಿ20ಎಕ್ಸ್-ಬ್ಯಾಟರಿ' ಇರುತ್ತದೆ. ಅದರಲ್ಲಿ 'ವೋಲ್ಟೇಜ್_ನೌ', 'ಕರೆಂಟ್_ನೌ', 'ಕೆಪ್ಯಾಸಿಟಿ', 'ಸ್ಟೇಟಸ್' ಎಂಬ ಫೈಲ್‌ಗಳಿವೆ. ವೋಲ್ಟೇಜ್ ಮೈಕ್ರೋವೋಲ್ಟಿನಲ್ಲಿರುತ್ತದೆ. 3850000 ಎಂದರೆ 3.85 ವೋಲ್ಟ್.

ಪ್ರತಿ 2 ಸೆಕೆಂಡಿಗೆ ಸಮಯ ಮತ್ತು ಈ ನಾಲ್ಕನ್ನೂ ಒಂದು ಫೈಲಿಗೆ ಸೇರಿಸುವ ಚಿಕ್ಕ ಬ್ಯಾಷ್ ಲೂಪ್ ಬರೆಯಿರಿ. 'ವೈಲ್ ಟ್ರೂ' ಒಳಗೆ 'ಡೇಟ್', 'ಕ್ಯಾಟ್', 'ಸಿಂಕ್', 'ಸ್ಲೀಪ್ 2' ಇದ್ದರೆ ಆಯಿತು. 'ಸಿಂಕ್' ಬಿಟ್ಟರೆ ಕೊನೆಯ ಸಾಲುಗಳು ಕಾರ್ಡಿಗೆ ಇಳಿಯದೆ ಎಲ್ಲ ವ್ಯರ್ಥ. ಇದನ್ನು ಹಿನ್ನೆಲೆಯಲ್ಲಿ ಓಡಲು ಬಿಟ್ಟು, ಎಂದಿನಂತೆ ಬಳಸಿ.

ಆಫ್ ಆದ ಮೇಲೆ ಕೊನೆಯ ಸಾಲುಗಳನ್ನು ನೋಡಿ. ವೋಲ್ಟೇಜ್ ನಿಧಾನವಾಗಿ 3.3ರ ಹತ್ತಿರ ಬಂದು ನಿಂತಿದ್ದರೆ ಬ್ಯಾಟರಿ ನಿಜವಾಗಿ ಮುಗಿದಿದೆ. 3.8 ಇದ್ದದ್ದು ಕೆಲಸ ಹೆಚ್ಚಿದ ಕೂಡಲೇ 3.4ಕ್ಕೆ ಕುಸಿದು, ಕೆಲಸ ನಿಂತಾಗ ಮತ್ತೆ ಏರುತ್ತಿದ್ದರೆ ಸೆಲ್ ಸುಸ್ತಾಗಿದೆ ಅಥವಾ ಸಂಪರ್ಕ ಸಡಿಲವಿದೆ. ಕೊನೆ ಸಾಲಿನಲ್ಲೂ ಚೆನ್ನಾಗಿಯೇ ಇದ್ದರೆ ಗೊಂದಲ ಬೇಡ. ಮಿಲಿಸೆಕೆಂಡಿನ ಕುಸಿತ 2 ಸೆಕೆಂಡಿನ ಲಾಗ್‌ನಲ್ಲಿ ಸಿಕ್ಕಿಬೀಳುವುದಿಲ್ಲ.

ಕುಸಿತ ಯಾಕೆ ಇಷ್ಟು ಬೇಗ ಆಗುತ್ತದೆ ಅಂತ ಲೆಕ್ಕ ಹಾಕೋಣ. ಮೆಷಿನ್ 8 ವ್ಯಾಟ್ ಎಳೆಯುತ್ತಿದೆ ಎಂದುಕೊಳ್ಳಿ. 4.1 ವೋಲ್ಟಿನಲ್ಲಿ ಅದಕ್ಕೆ 2 ಆಂಪ್‌ಗಿಂತ ಸ್ವಲ್ಪ ಕಡಿಮೆ ಸಾಕು. 3.4 ವೋಲ್ಟಿನಲ್ಲಿ ಅದೇ 8 ವ್ಯಾಟಿಗೆ 2.35 ಆಂಪ್ ಬೇಕು. ವೋಲ್ಟೇಜ್ ಇಳಿದಷ್ಟೂ ಎಳೆಯುವ ಆಂಪ್ ಜಾಸ್ತಿ, ಆಂಪ್ ಜಾಸ್ತಿಯಾದಷ್ಟೂ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಸ್ಪ್ರಿಂಗಿನಲ್ಲಿ 0.1 ಓಮ್ ಅಡ್ಡಿ ಇದ್ದರೂ 2 ಆಂಪ್‌ಗೆ 0.2 ವೋಲ್ಟ್ ಅಲ್ಲೇ ಹೋಯಿತು. ಸುಮ್ನೆ ಇಟ್ಟಾಗ ಗಂಟೆಗಟ್ಟಲೆ ಓಡುವ ಮೆಷಿನ್ ಬ್ರೌಸರ್ ತೆರೆದ ಕೂಡಲೇ ಸಾಯುವುದು ಇದರಿಂದಲೇ.

ಅದೇ ಫೋಲ್ಡರಿನಲ್ಲಿ 'ವೋಲ್ಟೇಜ್_ಮಿನ್_ಡಿಸೈನ್' ಎಂಬ ಫೈಲಿದ್ದರೆ ಅದು ಚಿಪ್ ಕರೆಂಟ್ ಕಡಿಯುವ ಮಿತಿ. 2.6ರಿಂದ 3.3 ವೋಲ್ಟ್ ತನಕ 0.1ರಂತೆ ಬದಲಿಸಬಹುದು. ಇದನ್ನು ಇಳಿಸಿದರೆ ಸರಿಹೋಗುತ್ತೆ ಎಂಬ ಸಲಹೆ ನಿಮಗೆ ಸಿಗುತ್ತದೆ. ಈಗಲೇ ಮಾಡಬೇಡಿ. ಸಡಿಲ ಸ್ಪ್ರಿಂಗಿನ ತೊಂದರೆ ಅದರ ಅಡಿಯಲ್ಲಿ ಅಡಗಿ ಕೂರುತ್ತದೆ, ಸೆಲ್ ಅತಿಯಾಗಿ ಖಾಲಿಯಾಗುತ್ತದೆ.

## ಹಂತ 5: ಸೆಲ್‌ಗಳನ್ನು ಪರೀಕ್ಷಿಸಿ

ಆಫ್ ಮಾಡಿ, ಚಾರ್ಜರ್ ತೆಗೆದು, ಮುಚ್ಚಳ ಬಿಚ್ಚಿ. ಸೆಲ್ ತೆಗೆಯುವ ಮೊದಲು ಪ್ಲಸ್ ಯಾವ ಕಡೆ ಇದೆ ಎಂದು ಫೋಟೋ ತೆಗೆದುಕೊಳ್ಳಿ. ಉಲ್ಟಾ ಹಾಕಿದರೆ ಬೋರ್ಡ್ ಸುಡಬಹುದು.

ಮೊದಲು ಕಣ್ಣಿಂದ ನೋಡಿ. ಸೆಲ್‌ನ ಪ್ಲಾಸ್ಟಿಕ್ ಹೊದಿಕೆ ಹರಿದಿದೆಯಾ? ಇಡೀ ಉಕ್ಕಿನ ಡಬ್ಬಿಯೇ ಮೈನಸ್. ಹರಿದ ಜಾಗ ಪ್ಲಸ್ ಬದಿಯ ಲೋಹಕ್ಕೆ ತಾಗಿದರೆ ನೇರ ಶಾರ್ಟ್. ಜಜ್ಜಿದ ಗುರುತು, ಪ್ಲಸ್ ಕಡೆ ತುಕ್ಕು, ಒದ್ದೆ ಅಂಟು, ಸಿಹಿಯಾದ ದ್ರಾವಕದಂಥ ವಾಸನೆ, ಸುಮ್ಮನಿದ್ದಾಗಲೂ ಬಿಸಿ. ಇವುಗಳಲ್ಲಿ ಒಂದಿದ್ದರೂ ಆ ಸೆಲ್ ಮತ್ತೆ ಹಾಕಬೇಡಿ. 2.5 ವೋಲ್ಟಿಗಿಂತ ಕೆಳಗೆ ಹೋಗಿರುವ ಸೆಲ್ ಅನ್ನೂ ಚಾರ್ಜ್ ಮಾಡಿ ಉಳಿಸಲು ಹೋಗಬೇಡಿ. ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಮನೆ ಕಸಕ್ಕೆ ಬೇಡ.

ನಂತರ ಮೇಲಿನ ಬರಹ ಓದಿ. 18650 ಅಳತೆಯಲ್ಲಿ ಒಳ್ಳೆಯ ಸೆಲ್‌ಗಳು 2500ರಿಂದ 3500 ಎಂಎಎಚ್‌ವರೆಗೆ ಸಿಗುತ್ತವೆ. 6000, 9900 ಎಂದು ಬರೆದಿದ್ದರೆ ಅದು ನಕಲಿ. ತೂಕವೂ ಹೇಳುತ್ತದೆ. ಅಸಲಿ ಸೆಲ್ 45ರಿಂದ 50 ಗ್ರಾಂ ಆಸುಪಾಸು ಇರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ತೋರಿಸಿದರೆ ಇನ್ನೇನೂ ಪರೀಕ್ಷೆ ಬೇಡ. ಹಳೇ ಲ್ಯಾಪ್‌ಟಾಪ್ ಪ್ಯಾಕಿನಿಂದ ತೆಗೆದ ಸೆಲ್ ಅಸಲಿಯೇ ಇರಬಹುದು, ಆದರೆ ವಯಸ್ಸಾಗಿ ಒಳಗಿನ ಅಡ್ಡಿ ಹೆಚ್ಚಿರುತ್ತದೆ. ಟಾರ್ಚಿಗೆ ಸಾಕಾದೀತು, ಸಿಎಂ4ಗೆ ಸಾಲದು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಕೊಳ್ಳುವವರು ಮಲ್ಟಿಮೀಟರ್ ಜೊತೆಗೇ ಒಯ್ಯಿರಿ. ಒಂದೇ ಮಾದರಿಯ ಎರಡು ಸೆಲ್ ಒಟ್ಟಿಗೇ ಕೊಳ್ಳಿ.

ಉದ್ದವನ್ನೂ ನೋಡಿ. ಚಪ್ಪಟೆ ತಲೆಯ ಸಾದಾ ಸೆಲ್ 65 ಮಿಮೀ ಸುತ್ತಮುತ್ತ ಇರುತ್ತದೆ. ಒಳಗೆ ರಕ್ಷಣಾ ಸರ್ಕ್ಯೂಟ್ ಇರುವವು ಅದಕ್ಕಿಂತ ಉದ್ದ. ಒತ್ತಿ ಕೂರಿಸಿದರೆ ಹೋಲ್ಡರ್ ಬಾಗುತ್ತದೆ. ಇನ್ನು ಆ ಸರ್ಕ್ಯೂಟ್ ಹೆಚ್ಚು ಆಂಪ್ ಕಂಡಾಗ ತಾನೇ ಕಡಿದುಕೊಂಡರೆ ನೀವು ಹುಡುಕುತ್ತಿರುವ ತೊಂದರೆಯನ್ನೇ ಹುಟ್ಟಿಸುತ್ತದೆ.

ಕೊನೆಗೆ ಅಳತೆ. ಎರಡನ್ನೂ ಹೊರಗಿನ ಚಾರ್ಜರಿನಲ್ಲಿ 4.2 ವೋಲ್ಟಿಗೆ ತುಂಬಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ. ಒಂದು 4.18 ನಿಂತು ಇನ್ನೊಂದು 4.0ಕ್ಕೆ ಇಳಿದಿದ್ದರೆ ಇಳಿದದ್ದು ಕೆಟ್ಟಿದೆ. ಯುಕನ್ಸೋಲ್‌ನಲ್ಲಿ ಇವೆರಡೂ ಸಮಾನಾಂತರವಾಗಿ ಜೋಡಣೆಯಾಗಿವೆ. ವ್ಯತ್ಯಾಸ 0.05 ವೋಲ್ಟಿಗಿಂತ ಹೆಚ್ಚಿದ್ದರೆ ಒಟ್ಟಿಗೆ ಹಾಕಬೇಡಿ. ತುಂಬಿದ್ದು ಖಾಲಿ ಇರುವುದಕ್ಕೆ ಜೋರಾಗಿ ಹರಿಯುತ್ತದೆ, ಎರಡೂ ಬಿಸಿಯಾಗುತ್ತವೆ.

## ಹಂತ 6: ಹೋಲ್ಡರ್ ಮತ್ತು ಸಂಪರ್ಕ

ಸೆಲ್ ಚೆನ್ನಾಗಿದ್ದರೂ ಕರೆಂಟ್ ಬೋರ್ಡಿಗೆ ತಲುಪಬೇಕಲ್ವಾ? ಈ ಹಂತಕ್ಕೆ ಆತುರ ಬೇಡ.

ಮೊದಲು ಒಂಟಿ ಸೆಲ್ ಪರೀಕ್ಷೆ. ಆಫ್ ಮಾಡಿ, ಒಂದು ಸೆಲ್ ತೆಗೆದು, ಇನ್ನೊಂದರ ಮೇಲೆ ಬೂಟ್ ಮಾಡಿ. ಮತ್ತೆ ಆಫ್ ಮಾಡಿ, ಅದೇ ಸೆಲ್ ಅನ್ನು ಇನ್ನೊಂದು ಜಾಗಕ್ಕೆ ಹಾಕಿ ನೋಡಿ. ಒಂದೇ ಸೆಲ್ ಎಡಗಡೆ ಓಡಿ ಬಲಗಡೆ ಓಡದಿದ್ದರೆ ಬಲಗಡೆಯ ಹೋಲ್ಡರಿನಲ್ಲಿ ದೋಷ. ಎರಡು ಸೆಲ್ ಹಾಕಿದ್ದೇನೆ ಎಂದು ನೀವು ಅಂದುಕೊಂಡಿದ್ದರೂ ಮೆಷಿನ್ ಇಷ್ಟು ದಿನ ಒಂದರ ಮೇಲೇ ಓಡುತ್ತಿತ್ತು.

ನಂತರ ಕೆಲಸದ ಹೊತ್ತಿನಲ್ಲಿ ಅಳೆಯುವುದು. ಮುಚ್ಚಳ ತೆರೆದಿಟ್ಟು ಮೆಷಿನ್ ಆನ್ ಮಾಡಿ, ಪ್ರೊಸೆಸರಿಗೆ ಬೇಕೆಂದೇ ಭಾರೀ ಕೆಲಸ ಕೊಡುವ 'ಸ್ಟ್ರೆಸ್-ಎನ್‌ಜಿ --ಸಿಪಿಯು 4 --ಟೈಮ್‌ಔಟ್ 120' ಓಡಿಸಿ. ಮಲ್ಟಿಮೀಟರ್ ಮುಳ್ಳುಗಳನ್ನು ಸೆಲ್‌ನ ಎರಡು ತುದಿಗೇ ಮುಟ್ಟಿಸಿ ಓದಿ. ಆಮೇಲೆ ಹೋಲ್ಡರಿನ ಲೋಹದ ತಗಡುಗಳಿಗೆ ಮುಟ್ಟಿಸಿ ಓದಿ. ಸೆಲ್ ಮೇಲೆ 3.80, ತಗಡಿನ ಮೇಲೆ 3.78 ಬಂದರೆ ಪರವಾಗಿಲ್ಲ. ಸೆಲ್ ಮೇಲೆ 3.80, ತಗಡಿನ ಮೇಲೆ 3.50 ಬಂದರೆ ಕಳ್ಳ ಸಿಕ್ಕಿದ. ಸೆಲ್ ಮೇಲೇ 3.50ಕ್ಕೆ ಇಳಿದರೆ ತಪ್ಪು ಸೆಲ್‌ನದ್ದು. ಮುಳ್ಳು ಜಾರಿ ಪ್ಲಸ್ ಮೈನಸ್ ಎರಡಕ್ಕೂ ತಾಗದಂತೆ ನೋಡಿಕೊಳ್ಳಿ. ತುದಿ ಮಾತ್ರ ಹೊರಗಿರುವಂತೆ ಮುಳ್ಳಿಗೆ ಟೇಪ್ ಸುತ್ತಿಕೊಂಡರೆ ಧೈರ್ಯ.

ತಗಡಿನ ದೋಷಕ್ಕೆ ಸೆಲ್ ತೆಗೆದು ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿಸಿ. ತಗಡು ಹಿಂದಕ್ಕೆ ಬಾಗಿ ಹಿಡಿತ ಹೋಗಿದ್ದರೆ ಮೆಲ್ಲಗೆ ಸೆಲ್ ಕಡೆಗೆ ಬಾಗಿಸಿ. ಅಲ್ಯೂಮಿನಿಯಂ ಫಾಯಿಲ್ ಮಡಚಿ ತುರುಕುವುದು ಮಾತ್ರ ಬೇಡ. ಅದು ಜಾರಿದರೆ ಶಾರ್ಟ್ ಆಗುತ್ತದೆ.

ಇದೇ ಹೊತ್ತಿನಲ್ಲಿ ಬ್ಯಾಟರಿ ಬೋರ್ಡಿನ ಕನೆಕ್ಟರ್ ಒತ್ತಿ ನೋಡಿ. ಸಿಎಂ4 ತನ್ನ ಅಡಾಪ್ಟರ್ ಕಾರ್ಡಿನ ಮೇಲೆ ನಾಲ್ಕೂ ಮೂಲೆಯಲ್ಲಿ ಸಮನಾಗಿ ಕೂತಿದೆಯಾ ನೋಡಿ. ಮೆಷಿನ್ ತುಸು ತಿರುಚಿದಾಗ, ಮೇಜಿನ ಮೇಲೆ ಇಟ್ಟಾಗ ಆಫ್ ಆಗುತ್ತಿದ್ದರೆ ಕಾರಣ ಈ ಜೋಡಣೆಗಳಲ್ಲೇ ಇರುತ್ತದೆ.

## ಹಂತ 7: ಹೊರೆ ಒಂದೊಂದಾಗಿ ಏರಿಸಿ

ಸಂಪರ್ಕ ಸರಿಯಾದ ಮೇಲೂ ಆಫ್ ಆಗುತ್ತಿದ್ದರೆ ಯಾವ ಭಾಗ ಹೆಚ್ಚು ಎಳೆಯುತ್ತಿದೆ ಎಂದು ಹುಡುಕಿ. ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು, 4ಜಿ ಮಾಡ್ಯೂಲ್ ಆಫ್ ಮಾಡಿ, ಬ್ರೈಟ್‌ನೆಸ್ ಇಳಿಸಿ 10 ನಿಮಿಷ ಬಿಡಿ. ಆಮೇಲೆ ಬ್ರೈಟ್‌ನೆಸ್ ಪೂರ್ತಿ. ಆಮೇಲೆ ಸ್ಟ್ರೆಸ್-ಎನ್‌ಜಿ. ಆಮೇಲೆ ಯುಎಸ್‌ಬಿ. ಕೊನೆಗೆ 4ಜಿ. ಎರಡನ್ನು ಒಟ್ಟಿಗೆ ಬದಲಿಸಬೇಡಿ. ಪ್ರತಿ ಸಲ ಲಾಗಿನ ವೋಲ್ಟೇಜ್ ಹಾಳೆಯಲ್ಲಿ ಬರೆದುಕೊಳ್ಳಿ.

4ಜಿ ಬಗ್ಗೆ ವಿಶೇಷ ಗಮನ ಇರಲಿ. ಯುಕನ್ಸೋಲ್‌ಗೆ ಬರುವ ಸಿಮ್7600ಜಿ-ಎಚ್ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಕ್ಷಣಮಾತ್ರಕ್ಕೆ 2 ಆಂಪ್ ತನಕ ಎಳೆಯಬಲ್ಲದು. ಟವರ್ ದೂರವಿದ್ದಷ್ಟೂ ಜೋರಾಗಿ ಕೂಗಬೇಕು. ಊರಿನಲ್ಲಿ ಚೆನ್ನಾಗಿದ್ದದ್ದು ಘಟ್ಟದ ದಾರಿಯಲ್ಲಿ ಸಾಯುತ್ತದೆ ಎಂದರೆ ಅದು ಇದೇ.

ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ಪ್ರೊಸೆಸರ್ ವೇಗ ಮಾಮೂಲಿಗಿಂತ ಏರಿಸಿದ್ದರೆ, ಈಗ ತೆಗೆಯಿರಿ. ಬೂಟ್ ಫೋಲ್ಡರಿನ ಫರ್ಮ್‌ವೇರ್ ಒಳಗಿನ ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ 'ಆರ್ಮ್_ಫ್ರೀಕ್', 'ಓವರ್_ವೋಲ್ಟೇಜ್' ಸಾಲುಗಳ ಮುಂದೆ ಹ್ಯಾಷ್ ಚಿಹ್ನೆ ಹಾಕಿ. ಪರೀಕ್ಷೆಗೆಂದು 'ಆರ್ಮ್_ಫ್ರೀಕ್=1000' ಕೊಟ್ಟು ನೋಡಬಹುದು. ಸಿಎಂ4ರ ಮಾಮೂಲಿ ವೇಗ 1500 ಮೆಗಾಹರ್ಟ್ಸ್. 1000ದಲ್ಲಿ ಓಡಿ 1500ರಲ್ಲಿ ನಿಂತರೆ ಪವರ್ ಪೂರೈಕೆ ದುರ್ಬಲ ಎಂಬ ಅನುಮಾನ ಬಲವಾಗುತ್ತದೆ.

ಹೊರೆ ಇರುವಾಗಲೇ 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' ಕೂಡ ಕೊಡಿ. ಸೊನ್ನೆ ಬಂದರೆ ಒಳ್ಳೆಯದು. 0ಎಕ್ಸ್50000 ಎಂದರೆ ಈ ಬೂಟ್‌ನಲ್ಲಿ ಯಾವಾಗಲೋ ವೋಲ್ಟೇಜ್ ಕೆಳಗೆ ಹೋಗಿ ವೇಗ ಇಳಿಸಿತ್ತು ಎಂದು. 0ಎಕ್ಸ್50005 ಎಂದರೆ ಈಗಲೂ ಹಾಗೇ ಇದೆ. ರೀಬೂಟ್ ಆದರೆ ಈ ಗುರುತು ಅಳಿದುಹೋಗುತ್ತದೆ. ಆಫ್ ಆದ ಮೇಲೆ ಆನ್ ಮಾಡಿ ಇದನ್ನು ಓದಿ ಎಲ್ಲ ಸರಿಯಿದೆ ಅಂದುಕೊಳ್ಳುವವರು ಬಹಳ.

## ಹಂತ 8: ಚಾರ್ಜರ್ ಮತ್ತು ಕೇಬಲ್

ಚಾರ್ಜರ್ ಹಾಕಿದ್ದರೂ 'ಸ್ಟೇಟಸ್' ಫೈಲ್ 'ಡಿಸ್ಚಾರ್ಜಿಂಗ್' ಎನ್ನುತ್ತಿದ್ದರೆ ಕೇಬಲ್ ಬದಲಿಸಿ, ಆಮೇಲೆ ಚಾರ್ಜರ್. ಚಾರ್ಜರ್ ಕಿತ್ತ ಕ್ಷಣದಲ್ಲೇ ಆಫ್ ಆದರೆ ಬ್ಯಾಟರಿ ಕಡೆಯ ದಾರಿ ಕಡಿದಿದೆ. ಹಂತ 6ಕ್ಕೆ ಮರಳಿ. ಸೆಲ್ ತೆಗೆದು ಬರೀ ಚಾರ್ಜರ್ ಮೇಲೆ ಓಡಿಸಿ ತೀರ್ಮಾನಕ್ಕೆ ಬರಬೇಡಿ. ಪವರ್ ಚಿಪ್ ಯುಎಸ್‌ಬಿಯಿಂದ ಎಳೆಯುವ ಆಂಪ್‌ಗೆ ಮಿತಿ ಹಾಕಬಹುದು. ಆಗ ಬೋರ್ಡ್ ಚೆನ್ನಾಗಿದ್ದರೂ ಹೊರೆ ಏರಿದಾಗ ನಿಲ್ಲುತ್ತದೆ.

## ಹಂತ 9: ಸರಿಯಾಯಿತಾ ಎಂದು ಖಚಿತಪಡಿಸಿಕೊಳ್ಳಿ

ಒಂದು ಸಂಜೆ ಆಫ್ ಆಗಲಿಲ್ಲ ಎಂದರೆ ಸರಿಯಾಯಿತು ಎಂದಲ್ಲ. ಪೂರ್ತಿ ಚಾರ್ಜಿನಿಂದ ಶುರುಮಾಡಿ, ನಿಮ್ಮ ಭಾರೀ ಕೆಲಸವನ್ನೇ ಕೊಟ್ಟು, ಬ್ಯಾಟರಿ ಮುಗಿಯುವ ತನಕ ಓಡಿಸಿ. ಸಂಪರ್ಕದ ದೋಷ ಉಳಿದಿದ್ದರೆ ಅರ್ಧ ಚಾರ್ಜಿನ ಕೆಳಗೆ ಬಂದಾಗ ಹೆಚ್ಚಾಗಿ ತಲೆ ಎತ್ತುತ್ತದೆ. ಇದೂ ದಾಟಿದ ಮೇಲೆ ವೋಲ್ಟೇಜ್ ಲೂಪ್ ನಿಲ್ಲಿಸಿ, 99-ಪವರ್.ಕಾನ್ಫ್ ತೆಗೆದುಹಾಕಿ, ಪರೀಕ್ಷೆಗೆಂದು ಹಾಕಿದ 'ಆರ್ಮ್_ಫ್ರೀಕ್' ಸಾಲು ಅಳಿಸಿ. ಐದು ಸೆಕೆಂಡಿಗೊಮ್ಮೆ ಬರೆಯುವುದು ಕಾರ್ಡಿಗೆ ಒಳ್ಳೆಯದಲ್ಲ.

ಒಳ್ಳೆ ಸೆಲ್, ಸ್ವಚ್ಛ ತಗಡು, ಇಳಿಸಿದ ವೇಗ, 4ಜಿ ಇಲ್ಲ. ಇಷ್ಟಾದರೂ ಲಾಗ್ ಮಧ್ಯೆಯೇ ಕಡಿಯುತ್ತಿದ್ದರೆ ಆಗ ಬ್ಯಾಟರಿ ಬೋರ್ಡ್, ಅಡಾಪ್ಟರ್ ಕಾರ್ಡ್, ಮದರ್‌ಬೋರ್ಡ್ ಈ ಕ್ರಮದಲ್ಲಿ ಬದಲಿ ಭಾಗ ಹಾಕಿ ನೋಡಿ. ತಯಾರಕರಿಗೆ ಬರೆಯುವಾಗ ವೋಲ್ಟೇಜ್ ಫೈಲು, ಜರ್ನಲ್‌ನ ಕೊನೆಯ ಸಾಲುಗಳು, ಸೆಲ್ ಮತ್ತು ತಗಡಿನ ಮೇಲೆ ಓದಿದ ಎರಡೂ ಸಂಖ್ಯೆಗಳನ್ನು ಸೇರಿಸಿ. ಇಲ್ಲದಿದ್ದರೆ ಸೆಲ್ ಬದಲಿಸಿ ನೋಡಿ ಎಂಬ ಉತ್ತರವೇ ಮೊದಲು ಬರುವುದು.